ಮನೆಮಂದಿಯೆಲ್ಲ ಕೂಡಿ ಕುಣಿವ ಬೆಟ್ಟ

ಲಾಸ್ ಏಂಜಲೀಸ್‌ನಿಂದ ಹೊರಟರೂ ಸ್ಯಾನ್ ಡಿಯಾಗೋದಿಂದ ಹೊರಟರೂ ಐಡಲ್‌ವೈಲ್ಡ್ ಹೆಚ್ಚುಕಡಿಮೆ ಒಂದೇ ದೂರ, ನೂರು ಮೈಲಿ ದಾಟಿ ಇನ್ನಷ್ಟು. ಸ್ಯಾನ್ ಜಸಿಂಟೋ ಬೆಟ್ಟಗಳ ಮಡಿಲಲ್ಲಿ, ಸಮುದ್ರ ಮಟ್ಟದಿಂದ 5,000 ಅಡಿಗೂ ಮೇಲೆ, ಪೈನ್ ಮರಗಳ ನಡುವೆ ಇರುವ ಸಣ್ಣ ಊರು ಅದು. ಜುಲೈ ತಿಂಗಳಲ್ಲಿ ಕೆಳಗಿನ ಬಯಲು ಕಾದ ಕಾವಲಿಯಾಗಿರುವಾಗ ಇಲ್ಲಿ ರಾತ್ರಿ ಹೊದಿಕೆ ಬೇಕಾಗುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಿಗೆ ಇದು ಶನಿವಾರ ಡೇರೆ ಹಾಕಿ ಭಾನುವಾರ ಬಿಚ್ಚಿಕೊಂಡು ಬರುವ ಜಾಗಗಳಲ್ಲಿ ಒಂದು. ಆದರೆ ಈ ಊರಿಗೆ ಎಪ್ಪತ್ತೈದು ವರ್ಷಗಳ ಇನ್ನೊಂದು ಚರಿತ್ರೆಯಿದೆ. ಬೇಸಿಗೆ ರಜೆಯಲ್ಲಿ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೇ ಬಂದು, ಒಟ್ಟಿಗೇ ಹಾಡು ಕಲಿತು, ಒಟ್ಟಿಗೇ ಹೆಜ್ಜೆ ಹಾಕುವ ಪದ್ಧತಿ ಈ ಸೀಮೆಯಲ್ಲಿ ಒಂದು ಸಂಸ್ಥೆಯ ರೂಪ ಪಡೆದದ್ದು ಇಲ್ಲಿ.

ಅದರ ಹಿಂದಿದ್ದವರು ಮ್ಯಾಕ್ಸ್ ಕ್ರೋನ್ ಮತ್ತು ಬಿಯಾಟ್ರಿಸ್ ಕ್ರೋನ್ ದಂಪತಿ. ಮ್ಯಾಕ್ಸ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪ್ರಾಧ್ಯಾಪಕ. ಬಿಯಾಟ್ರಿಸ್ ಶಾಲಾ ಮಕ್ಕಳಿಗೆ ಹಾಡು ಕಲಿಸುವ ವಿಧಾನವನ್ನೇ ಜೀವನದ ಕೆಲಸ ಮಾಡಿಕೊಂಡವರು. ಇಬ್ಬರೂ ಸೇರಿ ಜನಪದ ಹಾಡುಗಳ ಮೇಲೆ ಇನ್ನೊಂದು ಎತ್ತರದ ಸ್ವರಧಾರೆಯನ್ನು ಕೂಡಿಸಿ, ಸಾಮಾನ್ಯ ಶಾಲೆಯ ಮಕ್ಕಳೂ ಎರಡು ದನಿಯಲ್ಲಿ ಹಾಡಬಹುದಾದ ಪುಸ್ತಕಗಳನ್ನು ಮಾಡಿದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅವರು ಐಡಲ್‌ವೈಲ್ಡ್‌ನಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ನಾಲ್ಕು ವರ್ಷದ ನಂತರ, 1950ರ ಬೇಸಿಗೆಯಲ್ಲಿ, ‘ಐಡಲ್‌ವೈಲ್ಡ್ ಸ್ಕೂಲ್ ಆಫ್ ಮ್ಯೂಸಿಕ್ ಅಂಡ್ ದಿ ಆರ್ಟ್ಸ್’ ಬಾಗಿಲು ತೆರೆಯಿತು. ಅಷ್ಟು ಉದ್ದದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ‘ಐಸೊಮಾಟಾ’ ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಆ ಕಾಲಕ್ಕೆ ಅಮೆರಿಕದ ಬೇಸಿಗೆ ಶಿಬಿರವೆಂದರೆ ಮಕ್ಕಳನ್ನು ಬಸ್ಸು ಹತ್ತಿಸಿ ಕಳಿಸುವುದು. ದೊಡ್ಡವರ ಸಂಗೀತ ಶಿಬಿರ ಬೇರೆ, ಮಕ್ಕಳ ಶಿಬಿರ ಬೇರೆ. ಕ್ರೋನ್ ದಂಪತಿ ಈ ಗೋಡೆ ತೆಗೆದರು. ಒಂದೇ ಆವರಣದಲ್ಲಿ ಮಕ್ಕಳಿಗೂ ಹರೆಯದವರಿಗೂ ದೊಡ್ಡವರಿಗೂ ತರಗತಿಗಳು ನಡೆದವು. ಗಾಯನ, ನೃತ್ಯ, ಕುಂಬಾರಿಕೆ, ಚಿತ್ರ ಎಲ್ಲವೂ ಒಂದೇ ಬೆಟ್ಟದ ಮೇಲೆ. ಶಾಲೆಯ ಜಾಗ ಸುಮಾರು 205 ಎಕರೆ. ಊರಲ್ಲೇ ರಾಜ್ಯ ಉದ್ಯಾನದ ಮತ್ತು ರಿವರ್‌ಸೈಡ್ ಕೌಂಟಿಯ ಡೇರೆ ಮೈದಾನಗಳಿದ್ದುದರಿಂದ ಬೆಟ್ಟದ ಮೇಲೆ ಒಂದೆರಡು ವಾರ ಕಳೆಯಲು ಹೋಟೆಲಿನ ದುಡ್ಡೇ ಬೇಕೆಂದಿರಲಿಲ್ಲ. ಮಧ್ಯಮ ವರ್ಗದ ಸಂಸಾರವೊಂದು, ಮುಖ್ಯವಾಗಿ ಬೇಸಿಗೆ ರಜೆಯಿರುವ ಶಾಲಾ ಶಿಕ್ಷಕರ ಸಂಸಾರ, ರಜೆಯನ್ನೂ ಕಲಿಕೆಯನ್ನೂ ಒಂದೇ ಖರ್ಚಿನಲ್ಲಿ ಮುಗಿಸಬಹುದಿತ್ತು. ಇಂಥ ಶಿಬಿರಗಳು ಮುಂದೆ ಬೇರೂರಿದ್ದಕ್ಕೆ ಆದರ್ಶದಷ್ಟೇ ಈ ಲೆಕ್ಕಾಚಾರವೂ ಕಾರಣ. ಸ್ಮರಣ ಸಂಚಿಕೆಗಳಲ್ಲಿ ಇಂಥ ಸಂಗತಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಜನಪದ ಸಂಗೀತದ ಕಮ್ಮಟಗಳಿಗೆ ಇಲ್ಲಿ ಹುರುಪು ಬಂದದ್ದು 1950ರ ದಶಕದ ಕೊನೆಯಲ್ಲಿ. ಕಲಿಸಲು ಬಂದವರ ಪಟ್ಟಿ ನೋಡಿದರೆ ಆ ಕಾಲದ ಅಮೆರಿಕದ ಜನಪದ ಚಳವಳಿಯೇ ಬೆಟ್ಟ ಹತ್ತಿದಂತೆ ಕಾಣುತ್ತದೆ. ಲಾಸ್ ಏಂಜಲೀಸ್ ಕಡೆಯಿಂದ ಬೆಸ್ ಲೋಮ್ಯಾಕ್ಸ್ ಹಾಸ್ ಬರುತ್ತಿದ್ದರು. ಹಳ್ಳಿ ಹಳ್ಳಿ ತಿರುಗಿ ಅಮೆರಿಕದ ಹಾಡುಗಳನ್ನು ಕೂಡಿಹಾಕಿದ ಜಾನ್ ಲೋಮ್ಯಾಕ್ಸ್‌ರ ಮಗಳು ಆಕೆ, ಅಲನ್ ಲೋಮ್ಯಾಕ್ಸ್‌ರ ತಂಗಿ. ಬಾಸ್ಟನ್ನಿನ ರೈಲುದರದ ಮೇಲೆ ಗೆಳತಿಯೊಂದಿಗೆ ಆಕೆ ಕಟ್ಟಿದ ‘ಎಂಟಿಎ’ ಹಾಡು 1959ರಲ್ಲಿ ಕಿಂಗ್‌ಸ್ಟನ್ ಟ್ರಿಯೊ ಗುಂಪಿನ ದನಿಯಲ್ಲಿ ದೇಶಕ್ಕೆಲ್ಲ ಕೇಳಿಸಿತು. ಆದರೆ ಬೆಸ್ ಹಾಸ್ ಅವರ ನಿಜವಾದ ಶಕ್ತಿ ಪಾಠ ಮಾಡುವುದರಲ್ಲಿತ್ತು. ಲಾಸ್ ಏಂಜಲೀಸ್‌ಗೆ ಬಂದ ಮೇಲೆ ಆಕೆ ಗಿಟಾರ್ ಕಲಿಸಿದ್ದು ಗುಂಪುಗುಂಪಾಗಿ. ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಒಟ್ಟಿಗೆ ತಪ್ಪುತ್ತ, ಒಟ್ಟಿಗೆ ಹಾಡುತ್ತ ಕಲಿಯುವ ವಿಧಾನ ಅದು. ಮುಂದೆ ನಾರ್ತ್‌ರಿಡ್ಜ್‌ನ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾದರು. ಜಾರ್ಜಿಯಾದ ಕಡಲ ದ್ವೀಪಗಳ ಕಪ್ಪು ಜನರ ಮಕ್ಕಳಾಟ, ಚಪ್ಪಾಳೆ ಹಾಡುಗಳ ಬಗ್ಗೆ ಗಾಯಕಿ ಬೆಸ್ಸಿ ಜೋನ್ಸ್ ಜೊತೆ ಮಾಡಿದ ‘ಸ್ಟೆಪ್ ಇಟ್ ಡೌನ್’ ಪುಸ್ತಕ 1972ರಲ್ಲಿ ಬಂತು. 1977ರಿಂದ 1992ರವರೆಗೆ ರಾಷ್ಟ್ರೀಯ ಕಲಾ ದತ್ತಿಯ ಜನಪದ ಕಲಾ ವಿಭಾಗವನ್ನು ನಡೆಸಿದವರೂ ಅವರೇ. ಇವತ್ತು ಅಮೆರಿಕದ ಜನಪದ ಕಲಾವಿದರಿಗೆ ಕೊಡುವ ‘ನ್ಯಾಷನಲ್ ಹೆರಿಟೇಜ್ ಫೆಲೋಶಿಪ್’ ಆರಂಭವಾದದ್ದು ಅವರ ಕಾಲದಲ್ಲಿ, 1982ರಲ್ಲಿ.

ಸ್ಯಾನ್ ಡಿಯಾಗೋ ಕಡೆಯಿಂದ ಬಂದವರು ಸ್ಯಾಮ್ ಹಿಂಟನ್. ವೃತ್ತಿಯಲ್ಲಿ ಕಡಲ ಜೀವಶಾಸ್ತ್ರಜ್ಞ. 1946ರಿಂದ 1964ರವರೆಗೆ ಲಾ ಹೊಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ಮತ್ಸ್ಯಾಲಯ ಅವರ ಉಸ್ತುವಾರಿಯಲ್ಲಿತ್ತು. ಕ್ಯಾಲಿಫೋರ್ನಿಯಾದ ಕಡಲಂಚಿನ ಜೀವಿಗಳ ಬಗ್ಗೆ ಅವರು ಬರೆದ ಪುಸ್ತಕವನ್ನು ಈಗಲೂ ಜನ ಕೈಯಲ್ಲಿ ಹಿಡಿದು ಬಂಡೆಗಳ ನಡುವೆ ಅಡ್ಡಾಡುತ್ತಾರೆ. ಆ ಮನುಷ್ಯನ ಕೊರಳಲ್ಲಿ ನೂರಾರು ಹಾಡುಗಳಿದ್ದವು, ಜೇಬಿನಲ್ಲಿ ಹಾರ್ಮೋನಿಕಾ. ಶಾಲೆಗಳಿಗೆ ಹೋಗಿ ಮೀನಿನ ಕಥೆಯನ್ನೂ ಹಾಡನ್ನೂ ಒಟ್ಟಿಗೆ ಹೇಳಿಬರುತ್ತಿದ್ದರು. 2009ರಲ್ಲಿ ಅವರು ತೀರಿಕೊಂಡರು. ಪೊವೇ ಊರಿನ ಹಳೆಯ ಪಾರ್ಕಿನಲ್ಲಿ ಅವರ ಹೆಸರಿನ ಜನಪದ ಉತ್ಸವವನ್ನು ‘ಸ್ಯಾನ್ ಡಿಯಾಗೋ ಫೋಕ್ ಹೆರಿಟೇಜ್’ ಸಂಸ್ಥೆ ನಡೆಸುತ್ತ ಬಂದಿದೆ. ಶಿವರಾಮ ಕಾರಂತರ ಪುಸ್ತಕಗಳಲ್ಲಿ ವಿಜ್ಞಾನವನ್ನೂ ಯಕ್ಷಗಾನವನ್ನೂ ಒಟ್ಟಿಗೆ ಓದಿದ ಕನ್ನಡಿಗರಿಗೆ ಹಿಂಟನ್‌ರಂಥವರ ಜಾತಿ ಹೊಸದೆನಿಸದು.

ಪೀಟ್ ಸೀಗರ್ ಕೂಡ ಈ ಬೆಟ್ಟದಲ್ಲಿ ಕಲಿಸಿದ್ದಾರೆ. ಆಗ ಅವರ ಮೇಲೆ ಕೇಸಿತ್ತು. 1955ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ತಮ್ಮ ರಾಜಕೀಯದ ಬಗ್ಗೆ ಉತ್ತರಿಸಲು ಒಪ್ಪದೆ ಶಿಕ್ಷೆಗೆ ಗುರಿಯಾಗಿ, ಕಡೆಗೆ 1962ರಲ್ಲಿ ಮೇಲಿನ ನ್ಯಾಯಾಲಯದಿಂದ ಬಿಡುಗಡೆ ಪಡೆದರು. ಟೀವಿ ಮತ್ತು ದೊಡ್ಡ ಸಭಾಂಗಣಗಳ ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲಿ ಅವರನ್ನು ಸಾಕಿದ್ದು ಶಾಲೆಗಳು, ಕಾಲೇಜುಗಳು, ಬೇಸಿಗೆ ಶಿಬಿರಗಳು. ಎದುರಿಗೆ ಕೂತವರನ್ನೆಲ್ಲ ಹಾಡಿಸುವ ಅವರ ಕಲೆ ಪಳಗಿದ್ದು ಇಂಥ ಜಾಗಗಳಲ್ಲೇ.

ಕ್ರೋನ್ ದಂಪತಿಗೂ ಮೊದಲು, ಬಹಳ ಬಹಳ ಮೊದಲು, ಈ ಬೆಟ್ಟಕ್ಕೆ ಸಂಸಾರ ಸಮೇತ ಬರುತ್ತಿದ್ದವರು ಕವೀಯಾ ಜನ. ಬಯಲಿನ ಬಿಸಿಲು ಏರಿದಾಗ ಮೇಲಕ್ಕೆ ಬರುವುದು, ಮಳೆಗಾಲದ ಮುಂಚೆ ಓಕ್ ಮರಗಳ ಕಾಯಿ ಆಯಲು ಮನೆಮಂದಿಯೆಲ್ಲ ವಾರಗಟ್ಟಲೆ ಬಿಡಾರ ಹೂಡುವುದು ಅವರ ವಾಡಿಕೆ. ಅವರ ‘ಹಕ್ಕಿ ಹಾಡು’ಗಳು ಜನಾಂಗದ ಅಲೆದಾಟದ ಕಥೆ ಹೇಳುತ್ತವೆ. ಸೋರೆ ಬುರುಡೆಯ ಗಿಲಕಿ ಅಲ್ಲಾಡಿಸುತ್ತ ಗಂಡಸರು ಸಾಲಾಗಿ ನಿಂತು ಹಾಡಿದರೆ, ಎದುರಿಗೆ ಹೆಂಗಸರು ಹೆಜ್ಜೆ ಹಾಕುತ್ತಾರೆ. ಸಂಜೆ ಶುರುವಾದದ್ದು ಬೆಳಗಿನವರೆಗೂ ಸಾಗುವುದಿತ್ತು. ಸ್ಯಾನ್ ಡಿಯಾಗೋ ಸೀಮೆಯ ಕುಮೆಯಾಯ್ ಜನರಲ್ಲೂ ಈ ಹಾಡುಗಳಿವೆ. ಐಡಲ್‌ವೈಲ್ಡ್ ಶಾಲೆಯ ಹೆಗ್ಗಳಿಕೆಗಳಲ್ಲಿ ಒಂದೆಂದರೆ, ಅದು ನೆಲದ ಮೂಲ ಜನರ ಕಲೆಗೆ ಮೊದಲ ವರ್ಷಗಳಿಂದಲೇ ಜಾಗ ಕೊಟ್ಟಿತು. ನ್ಯೂ ಮೆಕ್ಸಿಕೋದಿಂದ ಮಡಕೆ ಕಲೆಯ ಹೆಸರಾಂತ ಮಾರಿಯಾ ಮಾರ್ಟಿನೆಜ್ ಬಂದು ಇಲ್ಲಿ ಕಲಿಸಿದ್ದಾರೆ. ಬೇಸಿಗೆಯ ಆದಿವಾಸಿ ಕಲಾ ಸಪ್ತಾಹ ಈಚಿನವರೆಗೂ ನಡೆದುಕೊಂಡು ಬಂದಿದೆ.

ಹಾಡಿನ ಕಥೆ ಇಷ್ಟಾದರೆ ಕುಣಿತದ ಕಥೆಯ ಬೇರು ಇನ್ನೊಂದು ಕಡೆ ಇದೆ. ಅಟ್ಲಾಂಟಿಕ್ ತೀರದ ಮ್ಯಾಸಚೂಸೆಟ್ಸ್‌ನಲ್ಲಿ, ಪ್ಲಿಮತ್ ಬಳಿಯ ಪೈನ್‌ವುಡ್ಸ್‌ನಲ್ಲಿ, ಇಂಗ್ಲಿಷ್ ಜನಪದ ನೃತ್ಯದ ಬೇಸಿಗೆ ಶಿಬಿರ 1933ರಿಂದಲೇ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಕಿಡಿ ಹಚ್ಚಿದವರು ಸಾಂಗ್ ಚಾಂಗ್ ಎಂಬ ಚೀನೀ ಮೂಲದ ಕಲಾವಿದ. 1938ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ಕೂಡಿಸಿದ ಕುಣಿತದ ಬಳಗ ಮುಂದಿನ ವರ್ಷ ಅಲ್ಲಿನ ಮಹಾ ಪ್ರದರ್ಶನದಲ್ಲಿ ಕುಣಿದು ಊರನ್ನೆಲ್ಲ ಸೆಳೆಯಿತು. 1942ರಲ್ಲಿ ಲೋಡಿ ಎಂಬ ಊರಲ್ಲಿ ಬಳಗಗಳೆಲ್ಲ ಸೇರಿ ಕ್ಯಾಲಿಫೋರ್ನಿಯಾದ ಜನಪದ ನೃತ್ಯ ಒಕ್ಕೂಟ ಕಟ್ಟಿದವು. ಅದೇ ದಶಕದಲ್ಲಿ ಒಕ್ಕೂಟದ ದಕ್ಷಿಣ ಶಾಖೆ ಹುಟ್ಟಿತು. 1948ರಲ್ಲಿ ಲಾಟನ್ ಹ್ಯಾರಿಸ್ ಸ್ಟಾಕ್‌ಟನ್ ಊರಿನ ಕಾಲೇಜೊಂದರಲ್ಲಿ ಶುರುಮಾಡಿದ ಬೇಸಿಗೆ ನೃತ್ಯ ಶಿಬಿರ ಇಂದಿಗೂ ನಿಂತಿಲ್ಲ. ದಕ್ಷಿಣದವರು ತಮ್ಮ ಕಮ್ಮಟಗಳನ್ನು ಐಡಲ್‌ವೈಲ್ಡ್‌ನಲ್ಲೂ, ಮುಂದೆ ಸ್ಯಾನ್ ಡಿಯಾಗೋ ರಾಜ್ಯ ವಿಶ್ವವಿದ್ಯಾಲಯದಲ್ಲೂ ನಡೆಸಿದರು. ಬಲ್ಗೇರಿಯಾ, ಮ್ಯಾಸಿಡೋನಿಯಾ, ಇಸ್ರೇಲ್, ಮೆಕ್ಸಿಕೋ, ಸ್ವೀಡನ್ ಎಲ್ಲಾ ಕಡೆಯ ಹೆಜ್ಜೆಗಳನ್ನು ಶಾಲಾ ಶಿಕ್ಷಕರು, ಎಂಜಿನಿಯರುಗಳು, ಗುಮಾಸ್ತರು ಕಲಿತು ಊರಿಗೆ ಒಯ್ದರು. ಸ್ಯಾನ್ ಡಿಯಾಗೋದ ಬಾಲ್ಬೋವಾ ಪಾರ್ಕಿನಲ್ಲಿ 1915ರ ಪ್ರದರ್ಶನಕ್ಕೆಂದು ಕಟ್ಟಿದ ಹಳೆಯ ಕಟ್ಟಡ, ಈಗಿನ ಬಾಲ್ಬೋವಾ ಪಾರ್ಕ್ ಕ್ಲಬ್, ಇಂಥ ಬಳಗಗಳಿಗೆ ವರ್ಷವಿಡೀ ನೆಲ ಕೊಟ್ಟಿದೆ.

ಶಿಬಿರದ ಸಂಜೆಯ ಕುಣಿತ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ‘ಕಾಂಟ್ರಾ’ ಎಂಬ ಪ್ರಕಾರವನ್ನೇ ತೆಗೆದುಕೊಳ್ಳೋಣ. ಹಲಗೆಯ ನೆಲ, ಒಂದು ಮೂಲೆಯಲ್ಲಿ ಪಿಟೀಲು, ಗಿಟಾರ್, ಪಿಯಾನೊ. ಎರಡು ಉದ್ದ ಸಾಲುಗಳಲ್ಲಿ ಜೋಡಿಗಳು ಎದುರುಬದುರು ನಿಲ್ಲುತ್ತವೆ. ಮೇಲ್ತುದಿಯಿಂದ ಎರಡೆರಡು ಜೋಡಿ ಕೈಹಿಡಿದು ನಾಲ್ವರ ಗುಂಪಾಗುತ್ತದೆ. ‘ಕಾಲರ್’ ಎಂಬ ಸೂತ್ರಧಾರ ಮೊದಲು ವಾದ್ಯವಿಲ್ಲದೆ ಎಲ್ಲರನ್ನೂ ಒಂದು ಸಲ ನಡೆಸಿ ತೋರಿಸುತ್ತಾರೆ: ಬಲಗೈ ಹಿಡಿದು ಸುತ್ತು, ಎಡಗೈ ಹಿಡಿದು ಸುತ್ತು, ಜೊತೆಗಾರನೊಂದಿಗೆ ಗಿರಕಿ, ಸಾಲು ಮುಂದೆ, ಸಾಲು ಹಿಂದೆ. ಆಮೇಲೆ ಪಿಟೀಲು ಎತ್ತಿಕೊಳ್ಳುತ್ತದೆ. ಒಂದು ಆವರ್ತಕ್ಕೆ 64 ಹೆಜ್ಜೆ, ಅರ್ಧ ನಿಮಿಷಕ್ಕೆ ಸ್ವಲ್ಪ ಹೆಚ್ಚು. ಆವರ್ತ ಮುಗಿದಾಗ ಪ್ರತಿ ಜೋಡಿ ಒಂದು ಮನೆ ದಾಟಿ ಹೊಸ ಜೋಡಿಯ ಎದುರು ನಿಂತಿರುತ್ತದೆ. ಹತ್ತು ನಿಮಿಷದಲ್ಲಿ ಏಳು ವರ್ಷದ ಹುಡುಗಿ ಸಾಲಿನ ಬಹುಪಾಲು ಜನರ ಕೈ ಹಿಡಿದಿರುತ್ತಾಳೆ; ಅವರಲ್ಲಿ ಎಪ್ಪತ್ತರ ಅಜ್ಜನೂ ಇರುತ್ತಾನೆ, ತನ್ನ ಅಪ್ಪನೂ ಇರುತ್ತಾನೆ. ತಪ್ಪಿದರೆ ಎದುರಿಗಿದ್ದವರು ಭುಜ ಹಿಡಿದು ಸರಿಯಾದ ಕಡೆ ತಿರುಗಿಸುತ್ತಾರೆ. ಕುಟುಂಬ ಶಿಬಿರಗಳಲ್ಲಿ ಇದಕ್ಕೂ ಸುಲಭವಾದ ವರ್ಜೀನಿಯಾ ರೀಲ್‌ನಂಥವು ಮೊದಲು ಬರುತ್ತವೆ.

ನಮ್ಮ ಜಡೆ ಕೋಲಾಟದಲ್ಲಿ ಹಗ್ಗ ಹೆಣೆಯುವ ಹುಡುಗರು ಒಬ್ಬರನ್ನೊಬ್ಬರು ದಾಟುತ್ತ ಹೋಗುವ ಲೆಕ್ಕವೂ ಇಂಥದ್ದೇ. ಅಲ್ಲಿಯೂ ಒಬ್ಬ ತಪ್ಪಿದರೆ ಎಲ್ಲರ ಜಡೆ ಸಿಕ್ಕುಬೀಳುತ್ತದೆ, ಹಾಗಾಗಿ ಎಲ್ಲರಿಗೂ ಎಲ್ಲರ ಮೇಲೆ ಕಣ್ಣಿರುತ್ತದೆ.

ಲಾಸ್ ಏಂಜಲೀಸ್ ಸುತ್ತ ಈ ಪರಂಪರೆಗೆ ಇನ್ನೂ ಕೆಲವು ಮನೆಗಳು ಸಿಕ್ಕವು. ಶ್ಲೋಮೊ ಬಾರ್ಡಿನ್ 1941ರಲ್ಲಿ ಆರಂಭಿಸಿದ ಬ್ರ್ಯಾಂಡೈಸ್ ಶಿಬಿರ 1947ರಲ್ಲಿ ಸಿಮಿ ಕಣಿವೆಗೆ ಬಂತು. ಊರೂರು ಬಿಟ್ಟು ಬಂದ ಯಹೂದಿ ಸಂಸಾರಗಳ ಎರಡನೆಯ ತಲೆಮಾರಿಗೆ ಭಾಷೆ, ಹಾಡು, ಹಬ್ಬವನ್ನು ಪಾಠವಾಗಿ ಹೇಳಿಕೊಡುವ ಬದಲು ಅವರನ್ನು ಅದರೊಳಗೇ ಕೆಲವು ದಿನ ಇರಿಸಬೇಕು ಎಂಬುದು ಬಾರ್ಡಿನ್ ಅವರ ನಂಬಿಕೆ. ಅಲ್ಲಿ ಕುಣಿತ ಕಲಿಸಿದ ಡ್ಯಾನಿ ದಾಸಾ ಮುಂದೆ ಪಶ್ಚಿಮ ಲಾಸ್ ಏಂಜಲೀಸ್‌ನ ಪಿಕೊ ರಸ್ತೆಯಲ್ಲಿ ‘ಕೆಫೆ ದಾನ್ಸಾ’ ತೆರೆದರು. 2007ರಲ್ಲಿ ಮುಚ್ಚುವವರೆಗೆ ಸುಮಾರು ನಾಲ್ಕು ದಶಕ ಅದು ರಾತ್ರಿಯ ಕುಣಿತಕ್ಕೆ ಹೆಸರಾಗಿತ್ತು. ಹೊರನಾಡ ಕನ್ನಡಿಗರು ಬಾರ್ಡಿನ್‌ರ ಪ್ರಯೋಗವನ್ನು ಕೂತು ಓದಬೇಕು. ಎರಡನೆಯ ತಲೆಮಾರಿನ ಪ್ರಶ್ನೆ ಅವರಿಗೂ ಇದೇ ಆಗಿತ್ತು.

ಟೊಪ್ಯಾಂಗ ಕಣಿವೆಯಲ್ಲಿ 1961ರಲ್ಲಿ ಹುಟ್ಟಿದ ಬ್ಯಾಂಜೊ ಮತ್ತು ಪಿಟೀಲು ಸ್ಪರ್ಧೆ ಹೆಸರಿಗೆ ಸ್ಪರ್ಧೆ. ಅದಕ್ಕೆ ಬರುವ ಹೆಚ್ಚಿನವರು ವೇದಿಕೆಯ ಕಡೆ ತಲೆಹಾಕುವುದೇ ಇಲ್ಲ. ಮರದಡಿಯಲ್ಲಿ ನಾಲ್ಕಾರು ಮಂದಿ ಕುರ್ಚಿ ಸುತ್ತ ಹಾಕಿಕೊಂಡು ನುಡಿಸುತ್ತಿರುತ್ತಾರೆ. ಹಾದುಹೋಗುವವರು ವಾದ್ಯ ತೆಗೆದು ಸೇರಿಕೊಳ್ಳುತ್ತಾರೆ. ಸ್ಯಾನ್ ಡಿಯಾಗೋ ಕೌಂಟಿಯಲ್ಲಿ, 1870ರ ಚಿನ್ನದ ಬೇಟೆಯಲ್ಲಿ ಹುಟ್ಟಿ ಈಗ ಸೇಬಿನ ಪೈಗೆ ಹೆಸರಾದ ಜೂಲಿಯನ್ ಊರಿನ ಗುಡ್ಡದಲ್ಲಿ, ‘ಜೂಲಿಯನ್ ಫ್ಯಾಮಿಲಿ ಫಿಡಲ್ ಕ್ಯಾಂಪ್’ ನಡೆದುಬಂದಿದೆ. ಹೆಸರೇ ಹೇಳುವಂತೆ ಇದು ಸಂಸಾರ ಸಮೇತ ಬರುವ ಶಿಬಿರ. ಮಗಳು ಪಿಟೀಲು ಹಿಡಿದರೆ ತಾಯಿ ಬ್ಯಾಂಜೊ, ತಂದೆ ಗಿಟಾರ್ ಕಲಿಯಬಹುದು, ರಾತ್ರಿ ಮೂವರೂ ಒಂದೇ ಧಾಟಿ ನುಡಿಸಬಹುದು. ಭಾರತೀಯ ಎಳೆಯೊಂದನ್ನೂ ಇಲ್ಲೇ ಹೇಳಬೇಕು. ಭರತನಾಟ್ಯದ ಬಾಲಸರಸ್ವತಿಯವರನ್ನು ಅಮೆರಿಕದಲ್ಲಿ ಪಾಠ ಮಾಡಲು ಕರೆತಂದವರಲ್ಲೊಬ್ಬರಾದ ರಾಬರ್ಟ್ ಬ್ರೌನ್, 1979ರಲ್ಲಿ ಸ್ಯಾನ್ ಡಿಯಾಗೋ ರಾಜ್ಯ ವಿಶ್ವವಿದ್ಯಾಲಯಕ್ಕೆ ಬಂದರು. ಅವರು ಕಟ್ಟಿದ ‘ಸೆಂಟರ್ ಫಾರ್ ವರ್ಲ್ಡ್ ಮ್ಯೂಸಿಕ್’ ಈಗ ಅದೇ ಊರಿನ ಶಾಲೆಗಳಿಗೆ ನಾನಾ ದೇಶಗಳ ಸಂಗೀತಗಾರರನ್ನು ಕಳಿಸುತ್ತದೆ.

ಈ ಶಿಬಿರಗಳು ಸರ್ಕಾರಿ ಡೇರೆ ಮೈದಾನ ಬಿಟ್ಟು ಯಾವುದೋ ಚರ್ಚಿನ, ಸಿನಗಾಗಿನ ಶಿಬಿರ ತಾಣಗಳನ್ನು ಬಾಡಿಗೆಗೆ ಹಿಡಿಯುವುದಕ್ಕೆ ಸರಳ ಕಾರಣವಿದೆ. ರಾಜ್ಯ ಉದ್ಯಾನಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಪಿಟೀಲಿನವರಿಗೆ ಮೈ ಬಿಸಿಯಾಗುವುದೇ ಹತ್ತರ ಮೇಲೆ. ಬಾಡಿಗೆ ತಾಣದಲ್ಲಿ ಹಲಗೆ ನೆಲದ ಸಭಾಂಗಣವಿರುತ್ತದೆ, ದೊಡ್ಡ ಅಡುಗೆಮನೆಯಿರುತ್ತದೆ. ಖರ್ಚು ಇಳಿಸಲು ಬಂದವರೇ ಪಾಳಿಯಲ್ಲಿ ತರಕಾರಿ ಹೆಚ್ಚುತ್ತಾರೆ, ಪಾತ್ರೆ ತೊಳೆಯುತ್ತಾರೆ, ಕಸ ಗುಡಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಫೋಕ್ ಮ್ಯೂಸಿಕ್ ಕ್ಲಬ್ಬಿನ ಹೊಸವರ್ಷದ ಶಿಬಿರದಲ್ಲಂತೂ ಪಾಳಿಗೆ ಹೆಸರು ಬರೆಸುವುದು ಕಟ್ಟುನಿಟ್ಟು. ಹೆಗ್ಗೋಡಿನ ನೀನಾಸಂ ಶಿಬಿರದ ಸಾಲು ಊಟ ಉಂಡವರಿಗೆ ಈ ವ್ಯವಸ್ಥೆಯ ಸೊಗಸನ್ನು ವಿವರಿಸಬೇಕಿಲ್ಲ.

ಬಾಡಿಗೆ ತಾಣವನ್ನೇ ನೆಚ್ಚಿಕೊಂಡವರಿಗೆ ದೊಡ್ಡ ಭಯ ಬೆಂಕಿಯದು. 2003ರ ಅಕ್ಟೋಬರಿನ ಸೀಡರ್ ಕಾಳ್ಗಿಚ್ಚು ಜೂಲಿಯನ್ ಸುತ್ತಲಿನ ಕುಯಮಾಕಾ ಕಾಡನ್ನು ಬೋಳು ಮಾಡಿತು. 2013ರ ಜುಲೈಯಲ್ಲಿ ಒಮ್ಮೆ, 2018ರ ಜುಲೈಯಲ್ಲಿ ಮತ್ತೊಮ್ಮೆ ಐಡಲ್‌ವೈಲ್ಡ್ ಊರನ್ನೇ ಖಾಲಿ ಮಾಡಿಸಬೇಕಾಯಿತು. ಎರಡೂ ಸಲ ಬೇಸಿಗೆ ಶಿಬಿರಗಳ ಕಾಲ. ಅದೇ 2018ರ ನವೆಂಬರಿನಲ್ಲಿ ವುಲ್ಸಿ ಕಾಳ್ಗಿಚ್ಚು ಅಗೋರಾ ಬಳಿಯ ಪ್ಯಾರಮೌಂಟ್ ರ‍್ಯಾಂಚ್‌ನ ಹಳೆಯ ಸಿನಿಮಾ ಪೇಟೆಯನ್ನು ಸುಟ್ಟಿತು. ಟೊಪ್ಯಾಂಗ ಸ್ಪರ್ಧೆ ಹಲವು ವರ್ಷ ನಡೆದದ್ದು ಅಲ್ಲೇ. ಮಾಲಿಬುವಿನಲ್ಲಿ 1952ರಿಂದ ಇದ್ದ ಕ್ಯಾಂಪ್ ಹೆಸ್ ಕ್ರೇಮರ್ ಕೂಡ ಆ ಬೆಂಕಿಗೆ ಹೋಯಿತು. ಲಾಸ್ ಏಂಜಲೀಸ್‌ನ ಕುಣಿತದ ಬಳಗಗಳು ವಾರಾಂತ್ಯದ ಕಮ್ಮಟಗಳನ್ನು ನಡೆಸುತ್ತಿದ್ದ ತಾಣ ಅದು. ಒಂದು ಹಲಗೆ ನೆಲ ಸುಟ್ಟರೆ ಅದಕ್ಕೆ ಒಗ್ಗಿದ ಬಳಗವೂ ಚದುರುತ್ತದೆ. ಮತ್ತೊಂದು ತಾಣ ಹುಡುಕಿ, ಮುಂಗಡ ಕೊಟ್ಟು, ಜನರನ್ನು ಮತ್ತೆ ಕೂಡಿಸಲು ವರ್ಷಗಳೇ ಬೇಕು.

ಐಡಲ್‌ವೈಲ್ಡ್ ಶಾಲೆ ಬದಲಾಗಿದೆ. ಕೆಲವು ಕಾಲ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೈಯಲ್ಲಿದ್ದು, ಮತ್ತೆ ಪ್ರತಿಷ್ಠಾನಕ್ಕೆ ಮರಳಿ, 1986ರಿಂದ ಅದು ವರ್ಷವಿಡೀ ನಡೆಯುವ ಕಲಾ ವಸತಿ ಶಾಲೆ. ಬೇಸಿಗೆಯ ಕುಟುಂಬ ಶಿಬಿರದಲ್ಲಿ ಈಗ ಚಿತ್ರ, ಕರಕುಶಲ, ಚಾರಣ ಎಲ್ಲ ಕೂಡಿಕೊಂಡು ಜನಪದದ ಪಾಲು ಮೊದಲಿನಷ್ಟಿಲ್ಲ. ಅದು ನಷ್ಟವೇ. ಆದರೆ ಕ್ರೋನ್ ದಂಪತಿ ಹಾಕಿದ ಮುಖ್ಯ ಕಟ್ಟಳೆ, ಮಕ್ಕಳನ್ನು ಬಿಟ್ಟುಹೋಗದೆ ದೊಡ್ಡವರೂ ಕಲಿಯಲು ಕೂರಬೇಕೆಂಬುದು, ಅಲ್ಲಿ ಉಳಿದಿದೆ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಯತ್ನಗಳಿಲ್ಲದೆ ಇಲ್ಲ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ 15 ಎಕರೆಯಲ್ಲಿ ಜಾನಪದ ಲೋಕ ಕಟ್ಟಿದರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ಬೇಸಿಗೆ ರಜೆಯಲ್ಲಿ ನೂರಾರು ಮಕ್ಕಳು ಕಂಸಾಳೆ, ಕೋಲಾಟ, ಹಾಡು ಕಲಿಯುತ್ತಾರೆ. ಅಲ್ಲಿ ಬೆಳಿಗ್ಗೆ ಮಕ್ಕಳನ್ನು ಗೇಟಿನಲ್ಲಿ ಬಿಟ್ಟ ಅಪ್ಪ ಅಮ್ಮ ಸಂಜೆ ಕರೆದೊಯ್ಯಲು ಬರುತ್ತಾರೆ. ಕೊನೆಯ ದಿನ ಪ್ರದರ್ಶನ ನೋಡುತ್ತಾರೆ. ಕ್ಯಾಲಿಫೋರ್ನಿಯಾದ ಕನ್ನಡ ಕೂಟಗಳಲ್ಲೂ ನಡೆಯುವುದು ಇದೇ. ರಾಜ್ಯೋತ್ಸವಕ್ಕೆ ಮುನ್ನ ಯಾರದೋ ಗ್ಯಾರೇಜಿನಲ್ಲಿ ಹೆಣ್ಣುಮಕ್ಕಳ ಕೋಲಾಟದ ತಾಲೀಮು ನಡೆಯುತ್ತದೆ, ವೇದಿಕೆಯ ಮೇಲೆ ಐದು ನಿಮಿಷ ಮಿಂಚುತ್ತದೆ, ಕೋಲುಗಳು ಪೆಟ್ಟಿಗೆ ಸೇರುತ್ತವೆ. ಅದೇ ಕೂಟದ ಸಂಸಾರಗಳು ಬೇಸಿಗೆಯಲ್ಲಿ ಒಟ್ಟಾಗಿ ಡೇರೆ ಹಾಕಲು ಹೋಗುತ್ತವೆ, ಪುಳಿಯೋಗರೆ ಗೊಜ್ಜು, ಚಕ್ಕುಲಿ ಡಬ್ಬಿ, ಬ್ಲೂಟೂತ್ ಸ್ಪೀಕರ್ ಹಿಡಿದು. ಕೋಲುಗಳ ಪೆಟ್ಟಿಗೆ ಮಾತ್ರ ಮನೆಯಲ್ಲೇ ಉಳಿಯುತ್ತದೆ.

ಅದನ್ನೂ ಕಾರಿಗೆ ಹಾಕಿಕೊಳ್ಳಲು ದೊಡ್ಡ ಸಿದ್ಧತೆ ಬೇಡ. ಜೂಲಿಯನ್ ಪಕ್ಕದ ಕುಯಮಾಕಾ ರಾಜ್ಯ ಉದ್ಯಾನದಲ್ಲಿ ಗುಂಪಿಗೆಂದೇ ಡೇರೆ ಜಾಗಗಳಿವೆ, ಆರು ತಿಂಗಳು ಮುಂಚೆ ಕಾಯ್ದಿರಿಸಬಹುದು. ಕೋಲಾಟಕ್ಕೆ ಮಟ್ಟಸವಾದ ನೆಲ, ಹಾಡುವ ಒಬ್ಬರು, ತಾಳ ಹಿಡಿಯುವ ಒಬ್ಬರು ಸಾಕು. ಹಾಡು ಗೊತ್ತಿರುವ ಅಜ್ಜಿಯರು ಬೇಸಿಗೆಗೆ ಊರಿಂದ ಬಂದೇ ಇರುತ್ತಾರೆ. ಡೊಳ್ಳು ಒಯ್ಯುವ ಆಸೆಯಿದ್ದವರು ಮಾತ್ರ ಸಭಾಂಗಣವಿರುವ ತಾಣವನ್ನು ಬಾಡಿಗೆಗೆ ಹಿಡಿಯಬೇಕು, ಇಲ್ಲವೇ ಕತ್ತಲಾಗುವ ಮುಂಚೆ ಬಾರಿಸಿ ಮುಗಿಸಬೇಕು.